ಮಳೆಗಾಲದ ಹೊಸ್ತಿಲಲ್ಲಿ ಸಕ್ಯುಲೆಂಟ್ ತರಿಸಬೇಡಿ

ಕಾರವಾರ, ಅಂಕೋಲಾ, ಕುಮಟಾ ಕಡೆಯವರು ಈಗ ಸಕ್ಯುಲೆಂಟ್, ಅಂದರೆ ದಪ್ಪ ಎಲೆಯಲ್ಲಿ ನೀರು ಹಿಡಿದಿಟ್ಟುಕೊಳ್ಳುವ ಗಿಡ, ತರಿಸುವ ಯೋಚನೆಯಲ್ಲಿದ್ದರೆ ದಯವಿಟ್ಟು ಅಕ್ಟೋಬರ್ ಕಳೆಯುವ ತನಕ ತಡೆಯಿರಿ. ಕಳೆದ ವರ್ಷ ಮೇ ಕೊನೆಯ ವಾರ ಬೆಂಗಳೂರಿನ ಮಾರಾಟಗಾರರೊಬ್ಬರಿಂದ ಆನ್‌ಲೈನ್‌ನಲ್ಲಿ 14 ಗಿಡ ತರಿಸಿದೆ. ಕುಂಡವೂ ಸೇರಿ 2,600 ರೂಪಾಯಿ. ಗಣೇಶ ಚೌತಿಯ ಹೊತ್ತಿಗೆ ಉಳಿದದ್ದು 3.

ಜೊತೆಗೆ ಬಂದ ಚೀಟಿಯಲ್ಲಿ ‘ವಾರಕ್ಕೊಮ್ಮೆ ನೀರು, ಬೆಳಕಿರುವ ಕಿಟಕಿ’ ಎಂದಷ್ಟೇ ಇತ್ತು. ಹಾಗೆಯೇ ಮಾಡಿದೆ. ಜೂನ್ ಮೂರನೇ ವಾರ ಅವುಗಳಲ್ಲಿ ಎಚೆವೇರಿಯಾ ಎಂಬ ಜಾತಿಯ ಗಿಡದ ಬುಡದ ಎಲೆಗಳು ಸುಕ್ಕುಗಟ್ಟಿದವು. ಬಾಯಾರಿರಬೇಕೆಂದು ಇನ್ನಷ್ಟು ನೀರು ಹಾಕಿದೆ. ನನ್ನ ದೊಡ್ಡ ತಪ್ಪು ಇದೇ. ಬೇರು ಕೊಳೆತ ಗಿಡವೂ ನೀರು ಹೀರಲಾರದೆ ಹೀಗೆಯೇ ಸುಕ್ಕುಗಟ್ಟುತ್ತದೆ. ಎಲೆ ನೋಡಿ ಎರಡನ್ನೂ ಬೇರೆ ಮಾಡುವುದು ಕಷ್ಟ, ಬೆರಳನ್ನು ಮಣ್ಣೊಳಗೆ ಇಳಿಸಿಯೇ ನೋಡಬೇಕು. ಎರಡು ದಿನದಲ್ಲಿ ಆ ಎಲೆಗಳು ಗಂಜಿ ತಿಳಿಯ ಹಾಗೆ ನೀರುನೀರಾಗಿ, ಬೆರಳು ತಾಗಿದರೆ ಕಳಚಿ ಬೀಳತೊಡಗಿದವು. ಗಿಡವನ್ನು ಮೆಲ್ಲನೆ ಎತ್ತಿದೆ. ತಾವರೆಯಂತಿದ್ದ ಮೇಲ್ಭಾಗ ಕೈಗೆ ಬಂತು, ಕಪ್ಪಾದ ಕಾಂಡ ಕುಂಡದಲ್ಲೇ ಉಳಿಯಿತು. ಬೆಣಚುಕಲ್ಲಿನಂತೆ ಕಾಣುವ ಲಿಥೋಪ್ಸ್ ಅಂತೂ ನೀರು ಕುಡಿದು ಮೈ ಬಿರಿದು ಲೋಳೆಯಾಯಿತು.

ಸತ್ತವನ್ನು ಹಳೆಯ ಪತ್ರಿಕೆಯ ಮೇಲೆ ಬಿಡಿಸಿ ನೋಡಿದೆ. ಮೇಲೆ ಚೆಂದಕ್ಕೆ ಬಿಳಿ ಹರಳು, ಅದರಡಿ ಮಣ್ಣು, ಮಣ್ಣಿನ ನಡುವೆ ಸಣ್ಣ ಬಲೆಯ ಚೀಲದಲ್ಲಿ ಕೋಕೋಪೀಟ್ (ತೆಂಗಿನ ನಾರಿನ ಪುಡಿ). ನೀರು ಹಾಕಿ ಒಂಬತ್ತು ದಿನ ಕಳೆದಿದ್ದರೂ ಅದನ್ನು ಹಿಂಡಿದಾಗ ಬೆರಳ ಸಂದಿಯಿಂದ ನೀರು ತೊಟ್ಟಿಕ್ಕಿತು. ಪಿಂಗಾಣಿ ಕುಂಡಗಳ ತಳದಲ್ಲಿ ತೂತೇ ಇರಲಿಲ್ಲ. ಮಾರಿದವರಿಗೆ ಚಿತ್ರ ಕಳಿಸಿದರೆ ‘ನೀರು ಹೆಚ್ಚಾಗಿದೆ, ನಾವು ಜವಾಬ್ದಾರರಲ್ಲ’ ಎಂಬ ಉತ್ತರ ಬಂತು. ಮಳೆ ಹಿಡಿಯುವ ಹೊತ್ತಿನಲ್ಲಿ ಕರಾವಳಿಯ ವಿಳಾಸಕ್ಕೆ ಕಳಿಸುವಾಗ ಒಂದು ಮಾತು ಹೇಳಬಾರದಿತ್ತೇ? ಹಣಕ್ಕಿಂತ ಇದೇ ನನ್ನನ್ನು ಹೆಚ್ಚು ನೋಯಿಸಿದ್ದು.

ಆ ಚೀಟಿ ಬೆಂಗಳೂರಿಗೆ ಸರಿಯಿರಬಹುದು. ಅಲ್ಲಿ ವರ್ಷಕ್ಕೆ ಸಾವಿರ ಮಿಲಿಮೀಟರಿನ ಆಸುಪಾಸು ಮಳೆ, ಸಮುದ್ರಮಟ್ಟದಿಂದ 900 ಮೀಟರ್ ಎತ್ತರ, ತಂಪು ರಾತ್ರಿ. ನಮ್ಮಲ್ಲಿ ಅದರ ಮೂರರಷ್ಟು ಮಳೆ ಹೆಚ್ಚುಕಡಿಮೆ ನಾಲ್ಕೇ ತಿಂಗಳಲ್ಲಿ ಸುರಿಯುತ್ತದೆ. ಭರಣಿಯ ಉಪ್ಪು ನೀರೊಡೆಯುವ, ಹಪ್ಪಳ ಮೆತ್ತಗಾಗುವ ಗಾಳಿಯಲ್ಲಿ ಕುಂಡ ಒಣಗುವುದೆಂತು? ಎಚೆವೇರಿಯಾಗಳಲ್ಲಿ ಬಹುಪಾಲು ಮೆಕ್ಸಿಕೊದ ಗುಡ್ಡಗಾಡಿನವು, ಲಿಥೋಪ್ಸ್ ದಕ್ಷಿಣ ಆಫ್ರಿಕಾ ಮತ್ತು ನಮೀಬಿಯಾದ ಒಣನೆಲದ್ದು. ನೀರು ಆರದಂತೆ ಹಗಲು ಎಲೆಯ ರಂಧ್ರ ಮುಚ್ಚಿಕೊಂಡು, ರಾತ್ರಿಯ ತಂಪಿನಲ್ಲಿ ತೆರೆದು ಉಸಿರಾಡುವ ಜಾತಿ ಇವು. ನಮ್ಮ ಮೋಡದ ಹಗಲು, ಸೆಕೆಯ ರಾತ್ರಿ ಎರಡೂ ಅವಕ್ಕೆ ಒಗ್ಗುವುದಿಲ್ಲ.

ಶಿರಸಿಯಿಂದ ಬಂದ ದೊಡ್ಡಾಯಿ ಕುಂಡ ನೋಡಿದವರೇ, “ತಂಗೀ, ಇದು ಕೊಳೆ ರೋಗ. ಅಡಿಕೆಯನ್ನೇ ಬಿಡದ ಮಳೆ ಇದನ್ನು ಬಿಡುತ್ತದೆಯೇ? ನೀರು ನಿಲ್ಲಿಸು, ಗಾಳಿ ಕೊಡು” ಎಂದರು. ಬ್ಲೇಡಿನಿಂದ ಕಾಂಡವನ್ನು ಕೆಳಗಿನಿಂದ ಮೇಲಕ್ಕೆ ತುಂಡರಿಸುತ್ತ ಹೋದರು. ಪ್ರತಿ ತುಂಡಿನ ನಡುವೆ ಕಂದು ಉಂಗುರ. ಐದನೇ ತುಂಡಿಗೆ ಕಡಿದ ಮೈ ಹಸಿ ಬಿಳಿಯಾಗಿ ಕಂಡಿತು. ಆ ತಲೆಗಳನ್ನು ಎಂಟು ದಿನ ಫ್ಯಾನಿನಡಿ ಒಣಗಿಸಿ, ನೀರಿಲ್ಲದ ಜಲ್ಲಿಯ ಮೇಲೆ ಕೂರಿಸಿದೆವು. ಉಳಿದ ಮೂರರಲ್ಲಿ ಎರಡು ಇವೇ. ಇನ್ನೊಂದು ಹಾವರ್ಥಿಯಾ, ನೀರು ಹಾಕಲು ಮರೆತುಹೋಗಿ ಮೂಲೆಯಲ್ಲಿದ್ದದ್ದು.

ಕಡಲತೀರದ ಮರಳು ಬೆರೆಸಿ ಎಂದು ಪರಿಚಯದವರೊಬ್ಬರು ಹೇಳಿದ್ದರು. ಬೇಡ. ಅದು ನುಣುಪು, ನೀರು ಬಸಿಯಲು ಬಿಡುವುದಿಲ್ಲ, ಮೇಲಿಂದ ಉಪ್ಪು. ತೊಳೆದ ಸಣ್ಣ ಜಲ್ಲಿ, ಒಡೆದ ಇಟ್ಟಿಗೆ ಚೂರು, ಇದ್ದಿಲು ಇವು ಅರ್ಧಕ್ಕಿಂತ ಹೆಚ್ಚಿರಲಿ, ಮಣ್ಣು ಕಡಿಮೆಯಿರಲಿ. ಗಿಡ ಬಂದ ದಿನವೇ ಕೋಕೋಪೀಟ್ ಉದುರಿಸಿ, ಬಲೆಯ ಚೀಲ ಕತ್ತರಿಸಿ ತೆಗೆಯಿರಿ. ಪಿಂಗಾಣಿ ಬಿಟ್ಟು ತೂತಿರುವ ಮಣ್ಣಿನ ಕುಂಡದಲ್ಲೇ ನೆಡಿ.

ಈಗಾಗಲೇ ಮನೆಯಲ್ಲಿ ಗಿಡಗಳಿದ್ದರೆ ಮೊದಲ ಮಳೆಗೆ ಮುನ್ನ ಎರಚಲು ತಾಗದ, ಗಾಳಿಯಾಡುವ ಜಾಗಕ್ಕೆ ಸರಿಸಿ. ನಾನು ಈ ಭಾನುವಾರವೇ ಮೂರನ್ನೂ ಜಗುಲಿಯ ಒಳಮೂಲೆಗೆ ಇಟ್ಟೆ. ಮಳೆ ಹಿಡಿದ ಮೇಲೆ ಎಲೆ ಸುಕ್ಕುಗಟ್ಟಿ, ಬೆರಳಿಗೆ ಮಣ್ಣು ತಳದವರೆಗೂ ಒಣಗಿದ್ದು ತಿಳಿದರೆ ಮಾತ್ರ ಅವಕ್ಕೆ ಎರಡು ಚಮಚ ನೀರು.