ಗೋಳಿಬಜೆಗೆ ಯಾವ ಹುಳಿ? ಮೊಸರು, ಲಿಂಬೆ, ವಿನೆಗರ್, ಈನೋ

ಮೈದಾ ಹಿಟ್ಟನ್ನು ಉಂಡೆಯಾಗಿ ಎಣ್ಣೆಗೆ ಬಿಟ್ಟು ಕರಿಯುವ ಗೋಳಿಬಜೆಗೆ ಅಡುಗೆ ಸೋಡಾ ಬೇಕು ಅಂತ ಮಂಗಳೂರು, ಉಡುಪಿ ಕಡೆ ಎಲ್ಲರಿಗೂ ಗೊತ್ತು. ಆದರೆ ಸೋಡಾ ಒಂದೇ ಹಾಕಿದರೆ ಬಜೆ ಉಬ್ಬುವುದು ಅರ್ಧಂಬರ್ಧ. ಜೊತೆಗೆ ಹುಳಿ ಬೇಕು, ಅದೂ ಲೆಕ್ಕಕ್ಕೆ ಸರಿಯಾಗಿ. ಮೊಸರು ಖಾಲಿಯಾದಾಗ ಲಿಂಬೆ ಹಿಂಡಬಹುದಾ, ವಿನೆಗರ್ ಆಗುತ್ತದಾ, ಈನೋ ಸಾಕಾ ಅಂತ ಕೇಳುವವರು ತುಂಬ ಜನ ಇದ್ದಾರೆ. ಹಾಗಾಗಿ ನಾಲ್ಕನ್ನೂ ಒಂದೇ ಮೈದಾ, ಒಂದೇ ತೆಂಗಿನೆಣ್ಣೆ, ಒಂದೇ ಬಾಣಲೆಯಲ್ಲಿ ಮಾಡಿ, ಪಕ್ಕಪಕ್ಕ ಇಟ್ಟು ತಿಂದು ನೋಡಿದೆ.

ಎರಡು ಕಪ್ ಮೈದಾಕ್ಕೆ ಅರ್ಧ ಟೀ ಚಮಚ ಸೋಡಾ, ಅಂದರೆ ಸುಮಾರು 2.3 ಗ್ರಾಂ. ಹಸಿಮೆಣಸು, ಶುಂಠಿ, ಕರಿಬೇವಿನಸೊಪ್ಪು, ಕಾಯಿ ಚೂರು, ಉಪ್ಪು, ಚಿಟಿಕೆ ಸಕ್ಕರೆ ಎಲ್ಲದಕ್ಕೂ ಒಂದೇ ಅಳತೆ. ಬದಲಾದದ್ದು ಹುಳಿ ಮಾತ್ರ.

ಮೊದಲು ಹುಳಿಯೇ ಇಲ್ಲದೆ, ಬರೀ ನೀರಿನಲ್ಲಿ ಕಲಸಿ ಕರಿದೆ. ಹೋಲಿಕೆಗೆ ಇದು ಬೇಕೇ ಬೇಕು. ಸೋಡಾ ಬಿಸಿಯಾದಾಗ ತಾನಾಗಿಯೇ ಒಡೆಯುತ್ತದೆ. ಆದರೆ ಎರಡು ಪಾಲು ಸೋಡಾದಿಂದ ಒಂದೇ ಪಾಲು ಇಂಗಾಲದ ಡೈಆಕ್ಸೈಡ್ ಬರುತ್ತದೆ. ಉಳಿದದ್ದು ಸೋಡಿಯಂ ಕಾರ್ಬೋನೇಟ್ ಆಗಿ, ಅಂದರೆ ಬಟ್ಟೆ ಒಗೆಯುವ ಸೋಡಾ ಆಗಿ ಬಜೆಯೊಳಗೇ ನಿಲ್ಲುತ್ತದೆ. ಹುಳಿ ಸಾಕಷ್ಟಿದ್ದರೆ ಒಂದು ಪಾಲಿಗೆ ಒಂದು ಪಾಲು ಗಾಳಿ ಸಿಗುತ್ತದೆ, ಕಾರ್ಬೋನೇಟ್ ಉಳಿಯುವುದಿಲ್ಲ. ನೀರಿನ ಬಜೆ ಹೊರಗೆ ಬೇಗ ಕಪ್ಪಾಯಿತು, ಒಳಗೆ ಹಸಿ, ಬಣ್ಣ ಹಳದಿ. ನಾಲಿಗೆಯ ಮೇಲೆ ಸೋಪಿನ ರುಚಿ. ಅದೇ ಹಿಟ್ಟಿಗೆ ಚಿಟಿಕೆ ಅರಿಶಿನ ಹಾಕಿ ಕರಿದರೆ ಒಳಗೆಲ್ಲ ಕೆಂಪಡರುತ್ತದೆ. ಸೋಡಾ ಜಾಸ್ತಿಯಾಗಿದೆಯಾ ಅಂತ ನೋಡಲು ಇದಕ್ಕಿಂತ ಸುಲಭದ ಪರೀಕ್ಷೆ ಇಲ್ಲ.

ಈಗ ಹುಳಿ ಮೊಸರು. ಮೊಸರಿನಲ್ಲಿರುವುದು ಲ್ಯಾಕ್ಟಿಕ್ ಆಮ್ಲ. ಚೆನ್ನಾಗಿ ಹುಳಿ ಬಂದ ಮೊಸರಿನಲ್ಲಿ ನೂರಕ್ಕೆ ಒಂದು ಗ್ರಾಂನಷ್ಟು ಅಂತ ಹಿಡಿದರೆ, ಒಂದು ದೊಡ್ಡ ಕಪ್‌ನಲ್ಲಿ ಎರಡೂವರೆ ಗ್ರಾಂ ಹತ್ತಿರ ಸಿಗುತ್ತದೆ. ಅರ್ಧ ಟೀ ಚಮಚ ಸೋಡಾ ಮುಗಿಸಲು ಹೆಚ್ಚುಕಡಿಮೆ ಅಷ್ಟೇ ಬೇಕು. ಒಂದು ಕಪ್ ಮೊಸರಿಗೆ ಅರ್ಧ ಚಮಚ ಸೋಡಾ ಅಂತ ನಮ್ಮ ಅಮ್ಮಂದಿರು ಕೈಯಂದಾಜಿನಲ್ಲಿ ಹಾಕುತ್ತಿದ್ದದ್ದು ರಸಾಯನಶಾಸ್ತ್ರದ ಲೆಕ್ಕಕ್ಕೂ ಸರಿಯಾಗಿ ಕೂರುತ್ತದೆ. ಈ ಲೆಕ್ಕ ಮಾಡಿ ನೋಡಿದಾಗ ನನಗೆ ನಿಜವಾಗಿಯೂ ಖುಷಿಯಾಯಿತು.

ಲೋಟದಲ್ಲಿ ಮೊಸರಿಗೆ ಸೋಡಾ ಹಾಕಿ ನೋಡಿ. ವಿನೆಗರ್‌ನ ಹಾಗೆ ಭುಸ್ ಅಂತ ಏರುವುದಿಲ್ಲ. ಮೊದಲು ಅಂಚಿನಲ್ಲಿ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಕಾಣುತ್ತವೆ, ಆಮೇಲೆ ಇಡೀ ಮೊಸರು ನಿಧಾನಕ್ಕೆ ಮೇಲೇಳುತ್ತದೆ. ಮೊಸರು ದಪ್ಪ, ಅದರಲ್ಲಿ ಪ್ರೋಟೀನ್ ಬೇರೆ ಇದೆ. ಹಾಗಾಗಿ ಗುಳ್ಳೆ ಬೇಗ ಒಡೆಯುವುದಿಲ್ಲ. ಕೈಯಲ್ಲಿ ಬಡಿದು ಕಲಸಿದ ಹಿಟ್ಟಿನಲ್ಲೂ ಹಾಗೆಯೇ. ಬಜೆ ಮುರಿದಾಗ ಒಳಗೆ ಸಣ್ಣ ತೂತುಗಳು ಒಂದೇ ಸಮನಾಗಿ ಇದ್ದವು, ಬಣ್ಣ ಬಿಳಿ, ಬೆರಳಿನಲ್ಲಿ ಒತ್ತಿ ಬಿಟ್ಟರೆ ಮತ್ತೆ ಉಬ್ಬಿ ಬರುತ್ತಿತ್ತು. ಮೊಸರಿನ ಆ ಸಣ್ಣ ಹುಳಿ ಕಾಯಿ ಚಟ್ನಿಗೆ ಎಷ್ಟು ಹೊಂದುತ್ತದೆ ಅಂತ ಬೇರೆ ಹೇಳಬೇಕಾಗಿಲ್ಲ. ಒಂದು ಮಾತು ಮಾತ್ರ ನೆನಪಿಡಿ: ಹಿಟ್ಟು, ಮೊಸರು ಮೊದಲೇ ಕಲಸಿ ನೆನೆಯಲು ಬಿಡಿ, ಸೋಡಾವನ್ನು ಎಣ್ಣೆ ಕಾದ ಮೇಲೆ ಸೇರಿಸಿ. ಮುಂಚೆ ಹಾಕಿದರೆ ಬಂದ ಗಾಳಿಯಲ್ಲಿ ಒಂದಷ್ಟು ಸುಮ್ನೆ ಹೊರಗೆ ಹೋಗುತ್ತದೆ.

ಲಿಂಬೆ ಎರಡನೇ ಸ್ಥಾನಕ್ಕೆ ಬಂತು. ಅದರಲ್ಲಿರುವುದು ಸಿಟ್ರಿಕ್ ಆಮ್ಲ, ರಸದಲ್ಲಿ ನೂರಕ್ಕೆ ಐದರ ಆಸುಪಾಸು. ಈ ಆಮ್ಲದ ಒಂದು ಅಣು ಮೂರು ಸೋಡಾ ಅಣುಗಳನ್ನು ಮುಗಿಸುತ್ತದೆ. ಆದ್ದರಿಂದ 35 ಮಿಲಿ ರಸ, ಅಂದರೆ ಎರಡು ಲಿಂಬೆಹಣ್ಣು ಸಾಕು. ಉಳಿದ ಒದ್ದೆಗೆ ನೀರು ಹಾಕಬೇಕು. ಬಜೆ ಚೆನ್ನಾಗಿಯೇ ಉಬ್ಬಿತು, ಮೊಸರಿನದಕ್ಕಿಂತ ಗರಿಗರಿ ಜಾಸ್ತಿ. ಒಳಗಿನ ಮೆತ್ತಗೆ ಮಾತ್ರ ಕಡಿಮೆ, ಆರಿದ ಮೇಲೆ ಸ್ವಲ್ಪ ಒಣಗಿದ ಹಾಗೆ ಆಗುತ್ತದೆ. ಬಿಸಿಬಿಸಿ ತಿನ್ನುವುದಾದರೆ ತೊಂದರೆಯೇ ಇಲ್ಲ.

ವಿನೆಗರ್ ಹಾಕಿದಾಗ ನೋಟಕ್ಕೆ ದೊಡ್ಡ ಆಟ. ಲೋಟದಲ್ಲಿ ಸೋಡಾಕ್ಕೆ ಸುರಿದ ಕೂಡಲೇ ನೊರೆ ಅಂಚು ದಾಟುತ್ತದೆ, ಆಮೇಲೆ ಅಷ್ಟೇ ಬೇಗ ಕುಸಿಯುತ್ತದೆ. ಲೋಟ ಮುಟ್ಟಿದರೆ ತಣ್ಣಗೆ, ಯಾಕೆಂದರೆ ಈ ಕ್ರಿಯೆ ಸುತ್ತಲಿನ ಶಾಖ ಎಳೆದುಕೊಳ್ಳುತ್ತದೆ. ಜೋರು ನೊರೆ ಬಂದರೆ ಗಾಳಿ ಜಾಸ್ತಿ ಅಂತ ಅನಿಸುತ್ತದೆ, ಅಲ್ವಾ? ಹಾಗಲ್ಲ. ಗಾಳಿ ಎಷ್ಟು ಬರುತ್ತದೆ ಅನ್ನುವುದು ಸೋಡಾ ಎಷ್ಟು, ಅದನ್ನು ಮುಗಿಸುವಷ್ಟು ಹುಳಿ ಇದೆಯಾ ಅನ್ನುವುದರ ಮೇಲೆ ನಿಂತಿದೆ. 2.3 ಗ್ರಾಂ ಸೋಡಾದಿಂದ ಯಾವ ಹುಳಿ ಹಾಕಿದರೂ ಅರ್ಧ ಲೀಟರಿಗಿಂತ ಸ್ವಲ್ಪ ಜಾಸ್ತಿ ಗಾಳಿ. ಬೇಗ ಬರುತ್ತದೋ ನಿಧಾನವೋ ಅಷ್ಟೇ ವ್ಯತ್ಯಾಸ.

ನೂರಕ್ಕೆ ನಾಲ್ಕು ಆಮ್ಲ ಇರುವ ವಿನೆಗರ್ ಆದರೆ ಇಷ್ಟು ಸೋಡಾಕ್ಕೆ ಸುಮಾರು 40 ಮಿಲಿ ಬೇಕು. ಹೆಚ್ಚಿನವರು ಒಂದು ಚಮಚ ಹಾಕಿ ನಿಲ್ಲಿಸುತ್ತಾರೆ. ಆಗ ಹೆಚ್ಚಿನ ಪಾಲು ಸೋಡಾ ಹಾಗೆಯೇ ಉಳಿದು, ಎಣ್ಣೆಯಲ್ಲಿ ಅದೇ ಸೋಪಿನ ರುಚಿ ಬರುತ್ತದೆ. 40 ಮಿಲಿ ದಾಟಿದರೆ ಖಾಟು ವಾಸನೆ ಉಳಿಯುತ್ತದೆ. ಅಳತೆ ಸರಿಯಾಗಿ ಹಾಕಿದ ಬಜೆಯಲ್ಲಿ ವಾಸನೆ ಇರಲಿಲ್ಲ, ಆದರೆ ತೂತುಗಳು ದೊಡ್ಡವು, ಒಂದೊಂದು ಕಡೆ ಗುಹೆಯಂತೆ. ಮಂಗಳೂರು ಕಡೆಯ ಹಂದಿಮಾಂಸದ ಅಡುಗೆ ಪೋರ್ಕ್ ಇಂದಾದ್‌ಗೆ ವಿನೆಗರ್ ಎಷ್ಟು ಒಪ್ಪುತ್ತದೋ ಗೋಳಿಬಜೆಗೆ ಅಷ್ಟು ಒಪ್ಪುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಈನೋ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಪ್ಯಾಕೆಟ್‌ನೊಳಗೇ ಸೋಡಾ, ಸಿಟ್ರಿಕ್ ಆಮ್ಲ ಎರಡೂ ಒಣ ಪುಡಿಯಾಗಿ ಇವೆ, ನೀರು ತಾಗಿದರೆ ಶುರು. ಬೇರೆ ಸೋಡಾ ಹಾಕಬಾರದು. ಹುಳಿಯೂ ಇಲ್ಲ, ಸೋಪೂ ಇಲ್ಲ, ಬಣ್ಣ ಹಾಲಿನಂತೆ ಬಿಳಿ. ಆದರೆ ಮೊದಲ ಸಲ ಎಣ್ಣೆಗೆ ಬಿಟ್ಟದ್ದು ಚೆಂಡಿನಂತೆ ಬಂದರೆ ಕೊನೆಯದು ಚಪ್ಪಟೆ. ಹತ್ತು ಜನರಿಗೆ ಕರಿಯುವುದಾದರೆ ಹಿಟ್ಟು ಪಾಲು ಮಾಡಿ, ಪ್ರತಿ ಪಾಲಿಗೂ ಆಗಲೇ ಬೆರೆಸಬೇಕು.

ಮನೆಯಲ್ಲಿ ಮಕ್ಕಳಿದ್ದರೆ ಪುನರ್ಪುಳಿ (ಕೋಕಂ) ನೀರಿಗೂ ಚಿಟಿಕೆ ಸೋಡಾ ಹಾಕಿ ತೋರಿಸಿ. ನೊರೆ ಬರುತ್ತದೆ, ಜೊತೆಗೆ ಕೆಂಪು ಹೋಗಿ ಬಣ್ಣ ನೀಲಿ ಕಡೆಗೆ ತಿರುಗುತ್ತದೆ. ಲಿಂಬೆ ಹಿಂಡಿದರೆ ಮತ್ತೆ ಕೆಂಪು. ಹುಳಿ ಇನ್ನೂ ಉಳಿದಿದೆಯಾ, ಮುಗಿಯಿತಾ ಅಂತ ಕಣ್ಣಲ್ಲೇ ಕಾಣುತ್ತದೆ.

ಇನ್ನು ಮಳೆಗಾಲದ ಮಾತು. ಬಜೆ ತಿನ್ನಬೇಕು ಅನಿಸುವುದು ಆಗಲೇ, ಮೊಸರು ಬೇಗ ಹುಳಿ ಬಾರದಿರುವುದೂ ಆಗಲೇ. ಸಿಹಿ ಮೊಸರಿಗೆ ಅರ್ಧ ಚಮಚ ಸೋಡಾ ಹಾಕಿದರೆ ಹುಳಿ ಸಾಲುವುದಿಲ್ಲ. ಅಂಥ ದಿನ ನಾನು ಒಂದು ಕಪ್ ಮೊಸರಿಗೆ ಒಂದು ಲಿಂಬೆಯ ರಸ ಸೇರಿಸುತ್ತೇನೆ. ಗುಳ್ಳೆ ಹಿಡಿದಿಡುವುದು ಮೊಸರು, ಕೊರತೆಯ ಹುಳಿ ತುಂಬುವುದು ಲಿಂಬೆ. ಹಾಗೆ ಮಾಡಿದ ಬಜೆಯನ್ನು ಹುಳಿ ಮೊಸರಿನದರ ಪಕ್ಕ ಇಟ್ಟರೆ ಯಾವುದು ಯಾವುದು ಅಂತ ಮನೆಯವರಿಗೆ ಹೇಳಲು ಆಗಲಿಲ್ಲ.