ಲೇಬಲ್ ಇಲ್ಲದ ಮೀನಿನ ಔಷಧಿ ಕೊಳ್ಳಬೇಡಿ, ಲೋಚ್ ಸಾಕಿದವರಂತೂ ಕೊಳ್ಳಲೇಬೇಡಿ

ಅಕ್ವೇರಿಯಂ ಅಂಗಡಿಯಲ್ಲಿ ದೊಡ್ಡ ಬಾಟಲಿಯಿಂದ ಚಿಕ್ಕ ಶೀಶೆಗೆ ಸುರಿದು ಕೊಡುವ, ಹೆಸರನ್ನಾಗಲಿ ಪ್ರಮಾಣವನ್ನಾಗಲಿ ಬರೆದಿರದ ಔಷಧಿಯನ್ನು ದಯವಿಟ್ಟು ಯಾರೂ ಕೊಳ್ಳಬೇಡಿ. "ಎಲ್ಲ ಮೀನಿಗೂ ಆಗುತ್ತದೆ" ಎಂದು ಮಾರುವವರು ಎಷ್ಟೇ ಖಚಿತವಾಗಿ ಹೇಳಿದರೂ ಕೊಳ್ಳಬೇಡಿ. ಆ ಒಂದು ಮಾತಿನಿಂದಾಗಿ ನನ್ನ ತೊಟ್ಟಿಯಲ್ಲಿದ್ದ ಕ್ಲೌನ್ ಲೋಚ್ ಎಂಬ ಪಟ್ಟೆ ಮೀನುಗಳೆಲ್ಲ ಸತ್ತವು, ತಳದಲ್ಲಿ ಓಡಾಡುವ ಪುಟ್ಟ ಕ್ಯಾಟ್‌ಫಿಶ್‌ಗಳಾದ ಕೋರಿಡೋರಸ್‌ಗಳಲ್ಲಿ ಅರ್ಧದಷ್ಟು ಸತ್ತವು, ಗಾಜಿಗೆ ಅಂಟಿಕೊಂಡಿರುತ್ತಿದ್ದ ಬಸವನಹುಳುಗಳಲ್ಲಿ ಒಂದೂ ಉಳಿಯಲಿಲ್ಲ.

ಹೊಸ ಮೀನು ತಂದ ಮೇಲೆ ಬಿಳಿಚುಕ್ಕೆ ರೋಗ ಕಾಣಿಸಿಕೊಳ್ಳುವುದು ಮೀನು ಸಾಕುವವರಿಗೆ ಹೊಸದೇನಲ್ಲ. ಮೈಮೇಲೆ ರವೆ ಉದುರಿಸಿದಂತೆ ಚುಕ್ಕೆಗಳು ಎದ್ದ ಕೂಡಲೇ ನಾನು ಅಂಗಡಿಗೆ ಹೋಗಿ, ತೊಟ್ಟಿಯ ಅಳತೆ ಹೇಳಿ, ಅದರಲ್ಲಿರುವ ಮೀನುಗಳನ್ನು ಒಂದೊಂದಾಗಿ ಹೆಸರಿಸಿ, "ಲೋಚ್‌ಗಳಿಗೆ ಎಲ್ಲ ಔಷಧಿಯೂ ಒಗ್ಗುವುದಿಲ್ಲವಂತೆ, ಇದು ಒಗ್ಗುತ್ತದೆಯೇ?" ಎಂದು ಕೇಳಿದೆ. ಕೇಳಿದೆ ಎಂಬುದನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ಮುಂದೆ ಅದೇ ಅಂಗಡಿಯವರು ನಾನು ಕೇಳಲೇ ಇಲ್ಲವೆಂದರು. ಆಗ ಅವರು ಕೊಟ್ಟ ಉತ್ತರ: "ಸರ್, ನಾವು ನಮ್ಮ ತೊಟ್ಟಿಗಳಿಗೆಲ್ಲ ಇದನ್ನೇ ಹಾಕುವುದು. ನೀರು ಚೆನ್ನಾಗಿ ನೀಲಿಯಾಗುವವರೆಗೆ ಹಾಕಿ, ಸಾಕು." ಎಷ್ಟು ಲೀಟರಿಗೆ ಎಷ್ಟು ಹನಿ ಎಂದು ಮತ್ತೆ ಕೇಳಿದ್ದಕ್ಕೆ ಕೊನೆಗೆ ಒಂದು ಲೆಕ್ಕ ಹೇಳಿದರು. ಅದೇ ಲೆಕ್ಕದಂತೆ ಹಾಕಿದೆ.

ರಾತ್ರಿಯಾಗುವಷ್ಟರಲ್ಲಿ ಲೋಚ್‌ಗಳು ತಳದಲ್ಲಿ ಮಗ್ಗುಲಾಗಿ ಬಿದ್ದಿದ್ದವು. ಫೋನ್ ಮಾಡಿದರೆ, "ಲೋಚ್ ಮಲಗುವುದೇ ಹಾಗೆ ಸರ್, ಗಾಬರಿಯಾಗಬೇಡಿ" ಎಂದರು. ಕ್ಲೌನ್ ಲೋಚ್ ಮಗ್ಗುಲಾಗಿ ವಿಶ್ರಮಿಸುವುದು ನಿಜ, ಸಾಕಿದವರಿಗೆಲ್ಲ ಗೊತ್ತು. ಆದರೆ ವಿಶ್ರಮಿಸುವ ಮೀನಿನ ಕಿವಿರು ಅಷ್ಟು ವೇಗವಾಗಿ ಬಡಿದುಕೊಳ್ಳುವುದಿಲ್ಲ, ಅದರ ಮೈಯಿಂದ ಲೋಳೆ ಬಿಳಿ ಎಳೆಗಳಾಗಿ ಕಿತ್ತು ಬರುವುದಿಲ್ಲ. ಇದನ್ನೆಲ್ಲ ವಿವರಿಸಿದ ಮೇಲೆ ಬಂದ ಸಲಹೆ ಏನು ಗೊತ್ತೇ? "ಹಾಗಿದ್ದರೆ ರೋಗ ಜಾಸ್ತಿಯಾಗಿದೆ, ಇನ್ನೂ ಸ್ವಲ್ಪ ಔಷಧಿ ಹಾಕಿ." ವಿಷವೇರಿ ಉಸಿರಾಡಲಾಗದೆ ಒದ್ದಾಡುತ್ತಿರುವ ಮೀನಿಗೆ ಇನ್ನೂ ಔಷಧಿ! ನಾನು ಹಾಕಲಿಲ್ಲ. ಫೋನ್ ಇಟ್ಟು ನೀರು ಬದಲಿಸಲು ಶುರು ಮಾಡಿದೆ, ಏರ್ ಪಂಪನ್ನು ಪೂರ್ತಿ ತಿರುಗಿಸಿದೆ, ಫಿಲ್ಟರಿಗೆ ಔಷಧಿ ಹೀರಿಕೊಳ್ಳುವ ಕಾರ್ಬನ್ (ಇದ್ದಿಲು) ಹಾಕಿದೆ. ಕೆಲವು ಕೋರಿಡೋರಸ್‌ಗಳು ಉಳಿದದ್ದು ಅದರಿಂದಲೇ ಎಂದು ನಂಬಿದ್ದೇನೆ. ಲೋಚ್‌ಗಳು ಬೆಳಗಿನವರೆಗೂ ಉಳಿಯಲಿಲ್ಲ.

ಮರುದಿನ ಶೀಶೆಯನ್ನು ಹಿಡಿದುಕೊಂಡು ಅಂಗಡಿಗೆ ಹೋದೆ. ಮೊದಲು "ನಿಮ್ಮ ನೀರಿನಲ್ಲೇ ಏನೋ ದೋಷವಿರಬೇಕು" ಎಂದರು. ಆಮೇಲೆ "ಲೋಚ್ ಸೂಕ್ಷ್ಮ ಮೀನು, ಸಾಯುವುದು ಸಹಜ" ಎಂದರು. ಇದರಲ್ಲಿ ಏನೇನಿದೆ ತೋರಿಸಿ ಎಂದು ನಾನು ಪಟ್ಟು ಹಿಡಿದ ಮೇಲೆ ಕೌಂಟರಿನ ಕೆಳಗಿನಿಂದ ಮೂಲ ಡಬ್ಬಿ ಹೊರಬಂತು. ಅದರೊಳಗೆ ಮಡಿಸಿಟ್ಟ ಚೀಟಿ ಇತ್ತು. ಮ್ಯಾಲಕೈಟ್ ಗ್ರೀನ್ ಎಂಬ ಬಣ್ಣದ ರಾಸಾಯನಿಕ, ಫಾರ್ಮಲಿನ್ ಎಂಬ ಫಾರ್ಮಾಲ್ಡಿಹೈಡ್ ದ್ರಾವಣ, ತಾಮ್ರದ ಸಲ್ಫೇಟ್, ಅಂದರೆ ನಮ್ಮ ಮೈಲುತುತ್ತ. ಕೆಳಗೆ ಸ್ಪಷ್ಟವಾಗಿ ಅಚ್ಚಾಗಿತ್ತು: ಲೋಚ್, ಕ್ಯಾಟ್‌ಫಿಶ್ ಮತ್ತು ಟೆಟ್ರಾಗಳಿಗೆ ಅರ್ಧ ಪ್ರಮಾಣ, ಸೀಗಡಿ ಮತ್ತು ಬಸವನಹುಳು ಇರುವ ತೊಟ್ಟಿಗೆ ಬಳಸಬಾರದು. ನಾನು ಕೇಳಿದ ಪ್ರಶ್ನೆಗೆ ಉತ್ತರ ಅಷ್ಟು ಹೊತ್ತೂ ಅವರ ಕೈಗೆಟುಕುವಷ್ಟು ದೂರದಲ್ಲೇ ಇತ್ತು! ನನ್ನ ಮೈಯೆಲ್ಲ ಉರಿದುಹೋಯಿತು. ಇದನ್ನೇಕೆ ಹೇಳಲಿಲ್ಲ ಎಂದರೆ, "ಅರ್ಧ ಹಾಕಬೇಕು ಅಂತ ಎಲ್ಲರಿಗೂ ಗೊತ್ತಿರುತ್ತದೆ ಸರ್, ನೀವು ಕೇಳಲೇ ಇಲ್ಲವಲ್ಲ" ಎಂದು, ಅಲ್ಲಿದ್ದ ಬೇರೆ ಗಿರಾಕಿಗಳಿಗೂ ಕೇಳಿಸುವಂತೆ ಹೇಳಿದರು. ಎಲ್ಲರೂ ತಿರುಗಿ ನನ್ನನ್ನೇ ನೋಡಿದರು. ಕೇಳಿಕೊಂಡು, ಅಳತೆ ಕೊಟ್ಟು, ಅವರು ಹೇಳಿದಷ್ಟೇ ಹಾಕಿದವನು ಅಲ್ಲಿ ಏನೂ ತಿಳಿಯದ ಹೆಡ್ಡನಂತೆ ನಿಲ್ಲಬೇಕಾಯಿತು. ಆ ಅವಮಾನ ಇನ್ನೂ ಹೋಗಿಲ್ಲ. ಉಳಿದಿದ್ದ ಔಷಧಿಯನ್ನು ಹಿಂದಕ್ಕೆ ಕೊಟ್ಟರೆ ಅದನ್ನು ನನ್ನೆದುರೇ ಮತ್ತೆ ದೊಡ್ಡ ಬಾಟಲಿಗೆ ಸುರಿದುಕೊಂಡರು.

ಈ ಔಷಧಿ ಯಾಕೆ ಅಷ್ಟು ಅಪಾಯಕರವೆಂದರೆ, ಕ್ಲೌನ್ ಲೋಚ್‌ನ ಹುರುಪೆಗಳು ಬಹಳ ಸಣ್ಣವು, ಚರ್ಮದೊಳಗೆ ಹುದುಗಿರುವಂಥವು. ಕೋರಿಡೋರಸ್‌ಗೆ ಹುರುಪೆಗಳೇ ಇಲ್ಲ, ಮೂಳೆಯ ಫಲಕಗಳಿವೆ, ಹೊಟ್ಟೆಯ ಭಾಗ ಬರಿ ಚರ್ಮ. ಇಂಥ ಮೀನುಗಳಿಗೆ ಮ್ಯಾಲಕೈಟ್ ಗ್ರೀನ್‌ನ ಪೂರ್ಣ ಪ್ರಮಾಣ ತಡೆಯುವುದು ಕಷ್ಟ. ತಾಮ್ರವಂತೂ ಸೀಗಡಿ, ಬಸವನಹುಳುಗಳಿಗೆ ನೇರ ವಿಷ, ಗಡಸುತನ ಕಡಿಮೆಯಿರುವ ಮೆದು ನೀರಿನಲ್ಲಿ ಮೀನುಗಳಿಗೂ ಅದರ ವಿಷ ಹೆಚ್ಚು ತಟ್ಟುತ್ತದೆ. ಫಾರ್ಮಲಿನ್ ನೀರಿನ ಆಮ್ಲಜನಕವನ್ನೇ ಕಡಿಮೆ ಮಾಡುತ್ತದೆ: ಲೀಟರಿಗೆ 5 ಮಿಲಿಗ್ರಾಂ ಫಾರ್ಮಲಿನ್‌ಗೆ ಸುಮಾರು 1 ಮಿಲಿಗ್ರಾಂ ಆಮ್ಲಜನಕ ಖರ್ಚಾಗುತ್ತದೆ. 26 ಡಿಗ್ರಿ ಬಿಸಿಯ ನೀರಿನಲ್ಲಿ ಇರಬಹುದಾದದ್ದೇ ಲೀಟರಿಗೆ ಸುಮಾರು 8 ಮಿಲಿಗ್ರಾಂ. ಹೀಗಿರುವಾಗ ಏರ್ ಪಂಪಿನ ಮಾತೇ ಎತ್ತದೆ "ನೀಲಿಯಾಗುವವರೆಗೆ ಹಾಕಿ" ಎನ್ನುವುದು ಎಂಥ ಬೇಜವಾಬ್ದಾರಿ!

ಬಿಳಿಚುಕ್ಕೆಗೆ ಗಾಬರಿಬಿದ್ದು ಹೆಚ್ಚು ಔಷಧಿ ಸುರಿದರೆ ಪ್ರಯೋಜನವೂ ಇಲ್ಲ. ಮೈಮೇಲೆ ಕಾಣುವ ಚುಕ್ಕೆಯೊಳಗಿನ ಪರೋಪಜೀವಿಗೆ ಔಷಧಿ ತಾಗುವುದಿಲ್ಲ. ಅದು ಕಳಚಿ ತಳಕ್ಕೆ ಬಿದ್ದು, ಒಡೆದು, ಮರಿಗಳು ನೀರಿನಲ್ಲಿ ಈಜುವಾಗ ಮಾತ್ರ ಸಾಯುತ್ತದೆ. ಆದ್ದರಿಂದ ಸರಿಯಾದ ಪ್ರಮಾಣವನ್ನು ಹಲವು ದಿನ ಬಿಡದೆ ಮುಂದುವರಿಸಬೇಕಾಗುತ್ತದೆ, ಒಂದೇ ಸಲ ಜಾಸ್ತಿ ಹಾಕುವುದಲ್ಲ.

ನಾನು ಹೇಳುವುದಿಷ್ಟು. ಡಬ್ಬಿ ತೋರಿಸಿ ಎನ್ನಿ, ಚೀಟಿಯನ್ನು ಅಲ್ಲೇ ನಿಂತು ಓದಿ, ತೋರಿಸದಿದ್ದರೆ ಬರಿಗೈಯಲ್ಲೇ ಹಿಂದಿರುಗಿ. ಅವರಿಗೆ ಬೇಸರವಾದರೆ ಆಗಲಿ. ತೊಟ್ಟಿಯಲ್ಲಿ ನಿಜವಾಗಿ ಇರುವ ನೀರನ್ನು ಲೆಕ್ಕ ಹಾಕಿ: 90 ಸೆಂಟಿಮೀಟರ್ ಉದ್ದ, 40 ಅಗಲ, 45 ಎತ್ತರದ ತೊಟ್ಟಿ ಅಳತೆಗೆ 162 ಲೀಟರಾದರೂ ಮರಳು, ಕಲ್ಲು, ಮೇಲಿನ ಖಾಲಿ ಜಾಗ ಕಳೆದರೆ ನೀರು ಅದಕ್ಕಿಂತ ಬಹಳ ಕಡಿಮೆ. ಸಾಧ್ಯವಿದ್ದರೆ ರೋಗದ ಮೀನಿಗೆ ಬೇರೆ ತೊಟ್ಟಿಯಲ್ಲೇ ಚಿಕಿತ್ಸೆ ಕೊಡಿ, ಏರ್ ಪಂಪನ್ನು ಮಾತ್ರ ನಿಲ್ಲಿಸಬೇಡಿ. ಔಷಧಿ ಹಾಕಿದ ಮೇಲೆ ಮೊದಲ ಕೆಲವು ಗಂಟೆ ತೊಟ್ಟಿಯ ಮುಂದೆಯೇ ಇರಿ, ಮೀನು ಏದುಸಿರು ಬಿಡುವುದು ಕಂಡರೆ ಅಂಗಡಿಗೆ ಫೋನ್ ಮಾಡುತ್ತ ಕೂರಬೇಡಿ, ಕ್ಲೋರಿನ್ ತೆಗೆದ, ಅಷ್ಟೇ ಬಿಸಿಯಿರುವ ನೀರಿನಿಂದ ಅರ್ಧ ತೊಟ್ಟಿ ಬದಲಿಸಿ ಫಿಲ್ಟರಿಗೆ ಹೊಸ ಕಾರ್ಬನ್ ಹಾಕಿ.