ಹೆಣ್ಣುನಾಯಿಗೆ ‘ಮರಿ ಆಗದ ಇಂಜೆಕ್ಷನ್’ ಕೊಡಿಸಬೇಡಿ

ಮನೆಯಲ್ಲಿ ಹೆಣ್ಣುನಾಯಿ ಇರುವವರು ದಯವಿಟ್ಟು ಇದನ್ನು ಓದಿ. ಬೆದೆಗೆ ಬಂದ ನಾಯಿಗೆ ‘ಮರಿ ಆಗದ ಇಂಜೆಕ್ಷನ್’ ಚುಚ್ಚಿಸುವವರು ನಮ್ಮ ಕಾಸರಗೋಡಿನ ಪೆರ್ಲದ ಕಡೆ ಈಗಲೂ ಇದ್ದಾರೆ. ನಾವೂ ಚುಚ್ಚಿಸಿದೆವು. ನಮ್ಮ ಬೊಳ್ಳಿ ಹೋದಳು.

2019ರಲ್ಲಿ ಅವಳು ಆರು ಮರಿ ಹಾಕಿದ್ದಳು. ಎರಡು ಗಂಡುಮರಿಗಳನ್ನು ಕೇಳಿಕೊಂಡು ಬಂದು ಒಯ್ದರು. ನಾಲ್ಕು ಹೆಣ್ಣು ಯಾರಿಗೂ ಬೇಡ. ಗೋಣಿಯಲ್ಲಿ ಹಾಕಿ ಪೇಟೆಯಲ್ಲಿ ಬಿಟ್ಟು ಬರಲು ನನಗೆ ಮನಸ್ಸಾಗಲಿಲ್ಲ. ಮನೆಮನೆ ತಿರುಗಿ ಅವಕ್ಕೊಂದು ದಾರಿ ಮಾಡಲು ಮೂರು ತಿಂಗಳು ಹಿಡಿಯಿತು. ಇನ್ನು ಆಪರೇಷನ್ ಮಾಡಿಸಿಯೇ ಬಿಡೋಣ ಎಂದು ಮಂಗಳೂರಿನಲ್ಲಿ ದಿನ ಗೊತ್ತು ಮಾಡಿದೆವು. ಅಷ್ಟರಲ್ಲಿ 2020ರ ಮಾರ್ಚ್ ಬಂತು. ಲಾಕ್‌ಡೌನ್. ಕೇರಳ-ಕರ್ನಾಟಕ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದರು. ಕಾಯಿಲೆಯ ಮನುಷ್ಯರನ್ನೇ ತಲಪಾಡಿ ಗಡಿ ದಾಟಿಸಲು ಆಗದ ದಿನಗಳು ಅವು. ನಾಯಿಯ ಆಪರೇಷನ್ ಎಂದರೆ ಯಾರು ಬಿಡುತ್ತಾರೆ?

ಆಗ ದನಗಳಿಗೆ ಇಂಜೆಕ್ಷನ್ ಕೊಡಲು ಬರುತ್ತಿದ್ದ ಒಬ್ಬರು, “ಯಾಕೆ ಅಕ್ಕಾ ಸುಮ್ನೆ ಹೊಟ್ಟೆ ಕೊಯ್ಯಿಸ್ತೀರಿ? ಇನ್ನೂರು ರೂಪಾಯಿಯಲ್ಲಿ ಮುಗೀತದೆ” ಎಂದರು. ಕೊಡಿಸಿದೆವು. ಮರಿ ಆಗಲಿಲ್ಲ. ಗಡಿ ತೆರೆದ ಮೇಲಾದರೂ ಮಂಗಳೂರಿಗೆ ಹೋಗಬೇಕಿತ್ತು. ಹೋಗಲಿಲ್ಲ. ಆ ತಪ್ಪು ನಮ್ಮದೇ. ಬೆದೆಗೆ ಬಂದಾಗಲೆಲ್ಲ ಒಂದೊಂದು, ಎರಡು ವರ್ಷದಲ್ಲಿ ನಾಲ್ಕು ಸಲ ಚುಚ್ಚಿಸಿದೆವು.

2022ರ ಏಪ್ರಿಲ್‌ನಲ್ಲಿ ಬೊಳ್ಳಿ ನೀರು ಜಾಸ್ತಿ ಕುಡಿಯತೊಡಗಿದಳು. ಸೆಕೆ ಅಲ್ವಾ ಅಂದುಕೊಂಡೆವು. ಅನ್ನ ಮುಟ್ಟಲಿಲ್ಲ, ಅದಕ್ಕೂ ಸೆಕೆಯೇ ಕಾರಣ ಎಂದೆವು. ಹೊಟ್ಟೆ ಉಬ್ಬಿದ್ದು ನೋಡಿ ಅತ್ತೆ ಮಾತ್ರ, “ಇದು ಬಸುರಿನ ಹೊಟ್ಟೆಯ ಹಾಗೆ ಕಾಣುವುದಿಲ್ಲ, ಡಾಕ್ಟರಿಗೆ ತೋರಿಸು” ಎಂದರು. ಅಡಿಕೆ ಸುಲಿಯುವ ಜನ ಬಂದಿದ್ದರು, ಇನ್ನೆರಡು ದಿನ ಹೋಯಿತು. ವಾಂತಿ ಶುರುವಾದ ಮೇಲೆ ಜೀಪು ಮಾಡಿಕೊಂಡು ಓಡಿದೆವು. ಸ್ಕ್ಯಾನ್ ಮಾಡುತ್ತಲೇ ಡಾಕ್ಟರ್ ಕೇಳಿದರು, “ಬೆದೆ ನಿಲ್ಲಿಸಲು ಇಂಜೆಕ್ಷನ್ ಕೊಡಿಸಿದ್ದೀರಾ?”

ಗರ್ಭಕೋಶದ ತುಂಬ ಕೀವು. ಪಯೋಮೆಟ್ರಾ ಅಂತ ಹೆಸರು. ಆ ಇಂಜೆಕ್ಷನ್ ಮೆಡ್ರಾಕ್ಸಿಪ್ರೊಜೆಸ್ಟರಾನ್ ಎಂಬ ಹಾರ್ಮೋನು. ಹೆಂಗಸರಿಗೆ ಮೂರು ತಿಂಗಳಿಗೊಮ್ಮೆ ಗರ್ಭನಿರೋಧಕವಾಗಿ ಕೊಡುವುದೂ ಅದನ್ನೇ. ಆದರೆ ನಾಯಿಯ ಮೈ ಬೇರೆ. ಅವಕ್ಕೆ ಗರ್ಭಕೋಶದ ಒಳಪದರ ದಪ್ಪವಾಗುತ್ತದೆ, ಒಳಗೆ ದ್ರವ ನಿಲ್ಲುತ್ತದೆ, ಅದಕ್ಕೆ ಬ್ಯಾಕ್ಟೀರಿಯಾ ಸೇರಿದರೆ ಕೀವಾಗುತ್ತದೆ. ಇಂಜೆಕ್ಷನ್ ಕೊಡದ ನಾಯಿಗೂ ಬೆದೆ ಮುಗಿದ ಒಂದೆರಡು ತಿಂಗಳಲ್ಲಿ ಇದು ಬರಬಹುದು, ಕೊಟ್ಟರೆ ಅಪಾಯ ಹೆಚ್ಚು. ಕೀವು ಹೊರಗೆ ಸೋರಿದರೆ ಗೊತ್ತಾಗುತ್ತದೆ. ಬೊಳ್ಳಿಗೆ ಗರ್ಭಕೋಶದ ಬಾಯಿ ಮುಚ್ಚಿತ್ತು, ಒಂದು ಹನಿಯೂ ಹೊರಗೆ ಬಂದಿರಲಿಲ್ಲ. ಬೆಕ್ಕಿಗೂ ಈ ಇಂಜೆಕ್ಷನ್ ಬೇಡ. ಅವಕ್ಕೆ ಇದರಿಂದ ಮೊಲೆಯಲ್ಲಿ ಗಡ್ಡೆ ಬರುವುದುಂಟು.

ಯಾವ ಆಪರೇಷನ್ ಬೇಡವೆಂದು ಬಿಟ್ಟಿದ್ದೆವೋ ಅದನ್ನೇ ಆ ರಾತ್ರಿ ಮಾಡಿಸಿದೆವು. ಹದಿನೆಂಟು ಸಾವಿರ ಆಯಿತು. ನಂಜು ಆಗಲೇ ಕಿಡ್ನಿಗೆ ಏರಿತ್ತು. ಮೂರನೇ ದಿನ ಬೆಳಿಗ್ಗೆ ಜೀವ ಹೋಯಿತು. ನಾಲ್ಕು ವರ್ಷದ ನಾಯಿ.

ದುಡ್ಡಿಲ್ಲ ಎಂದು ಹಿಂದೆಮುಂದೆ ನೋಡುವವರ ಕಷ್ಟ ನನಗೆ ಅರ್ಥವಾಗುತ್ತದೆ. ಮೊದಲು ನಿಮ್ಮ ಪಂಚಾಯತಿನ ಮೃಗಾಸ್ಪತ್ರೆಗೆ ಹೋಗಿ ಕೇಳಿ. ಅಲ್ಲಿ ಆಪರೇಷನ್ ಆಗದಿದ್ದರೂ ಕಡಿಮೆ ಖರ್ಚಿನಲ್ಲಿ ಎಲ್ಲಿ ಆಗುತ್ತದೆ ಎಂದು ವಿಚಾರಿಸಬಹುದು. ಆಪರೇಷನ್ ಕ್ಯಾಂಪಿನ ನೋಟೀಸು ಮಲಯಾಳದಲ್ಲಿ ಬಂದರೆ ಓದಲು ಬಾರದ ನೆರೆಮನೆಯ ಹಿರಿಯರಿಗೆ ಹೇಳಿ. ಕಳೆದ ತಿಂಗಳು ನಮ್ಮ ಬೈಲಿನ ಮೂರು ಮನೆಯವರು ಒಂದೇ ಜೀಪಿನಲ್ಲಿ ಮೂರು ನಾಯಿಗಳನ್ನು ಕರೆದುಕೊಂಡು ಹೋದೆವು, ಬಾಡಿಗೆ ಹಂಚಿಹೋಯಿತು. ಬೆದೆಯಲ್ಲಿರುವಾಗ ಮಾತ್ರ ಒಯ್ಯಬೇಡಿ, ಆಗ ರಕ್ತ ಜಾಸ್ತಿ ಹೋಗುತ್ತದೆ. ಗಂಡುನಾಯಿಯ ಆಪರೇಷನ್ ಇನ್ನೂ ಸುಲಭ, ಹೊಟ್ಟೆ ಕೊಯ್ಯುವುದೇ ಇಲ್ಲ.

ಈಗಾಗಲೇ ಇಂಜೆಕ್ಷನ್ ಕೊಡಿಸಿದ್ದರೆ ಡಾಕ್ಟರಿಗೆ ಮುಚ್ಚಿಡದೆ ಹೇಳಿ. ನಾಯಿ ನೀರು ಜಾಸ್ತಿ ಕುಡಿದು ಅನ್ನ ಬಿಟ್ಟರೆ ಸೆಕೆ ಎಂದು ಕಾಯಬೇಡಿ. ಅವತ್ತೇ ಕರೆದುಕೊಂಡು ಹೋಗಿ.